ಹೈರೋಗ್ಲಿಫ್ ಪದದ ಮೂಲ ಏನು? ಈಜಿಪ್ಟಿನವರೇ ಅದನ್ನು ಏನಂತ ಕರೆಯುತ್ತಿದ್ದರು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಶಾಲೆಯಲ್ಲಿ ಪ್ರಾಚೀನ ಈಜಿಪ್ಟ್ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅದರಲ್ಲಿ ಒಂದು ಪುಟ ‘ಹೈರೋಗ್ಲಿಫ್ ಪದದ ಅರ್ಥ ಮತ್ತು ಮೂಲ’. ಹುಡುಕಿದ ಕಡೆಯೆಲ್ಲ ‘ಗ್ರೀಕ್ ಪದ, ಪವಿತ್ರ ಕೆತ್ತನೆ ಎಂದರ್ಥ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಮಗಳು ಕೇಳಿದ್ದಕ್ಕೆ ಮಾತ್ರ ಉತ್ತರ ಸಿಗಲಿಲ್ಲ. ಗ್ರೀಕರು ಬರುವ ಮೊದಲು ಅವರು ಅದನ್ನು ಏನಂತ ಕರೆಯುತ್ತಿದ್ದರು? ಒಂದು ಹೆಸರಂತೂ ಇರಲೇಬೇಕಲ್ವಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಶಾಸನಪ್ರಿಯ

ಹೆಸರು ಇತ್ತು. ‘ಮೆದು ನೆಚೆರ್’. ಮೆದು ಅಂದರೆ ಮಾತು, ನೆಚೆರ್ ಅಂದರೆ ದೇವರು. ದೇವರ ಮಾತು.

ಈ ಉಚ್ಚಾರಣೆ ಪೂರ್ತಿ ಅವರದಲ್ಲ. ಅವರು ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು, ಸ್ವರಗಳನ್ನು ಬರೆಯುತ್ತಿರಲಿಲ್ಲ. ಓದಲು ಅನುಕೂಲವಾಗಲಿ ಅಂತ ಈಗಿನ ವಿದ್ವಾಂಸರು ನಡುನಡುವೆ ‘ಎ’ ಸೇರಿಸಿಕೊಳ್ಳುತ್ತಾರೆ. ನೆಚೆರ್ ಅನ್ನುವುದೇ ಮುಂದೆ ಅದೇ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಭಾಷೆಯಲ್ಲಿ ‘ನೂತೆ’ ಆಯಿತು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಪ್ರಾರ್ಥನೆಯಲ್ಲಿ ಆ ಪದ ಇವತ್ತಿಗೂ ಇದೆ.

ಇನ್ನು ಗ್ರೀಕ್ ಕಡೆ. ‘ಹಿಯೆರೋಸ್’ ಎಂದರೆ ಪವಿತ್ರ, ‘ಗ್ಲುಫೇನ್’ ಎಂದರೆ ಕೆತ್ತುವುದು. ಆದರೆ ಗ್ರೀಕರು ಮೊದಲಿಂದಲೂ ಹಾಗೇ ಕರೆಯುತ್ತಿದ್ದರು ಅಂದುಕೊಳ್ಳಬೇಡಿ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೋಡೊಟಸ್, ಈಜಿಪ್ಟಿನಲ್ಲಿ ಎರಡು ಬಗೆಯ ಬರಹ ಇದೆ, ಒಂದು ‘ಪವಿತ್ರ’, ಇನ್ನೊಂದು ‘ಜನರದು’ ಅಂತ ಹೇಳಿ ಮುಂದೆ ಹೋಗುತ್ತಾನೆ. ಕೆತ್ತನೆಯ ಸುದ್ದಿಯೇ ಇಲ್ಲ. ಪವಿತ್ರ ಮತ್ತು ಕೆತ್ತನೆ ಎರಡನ್ನೂ ಸೇರಿಸಿದ ಹೆಸರು ಕ್ರಿಸ್ತಶಕ 200ರ ಆಸುಪಾಸಿನ ಕ್ರೈಸ್ತ ಲೇಖಕ, ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್‌ನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಅವನು ಮೂರು ಬಗೆ ಹೇಳುತ್ತಾನೆ. ಪತ್ರ ಬರೆಯುವುದು, ಪುರೋಹಿತರು ಬರೆಯುವುದು, ಕೊನೆಗೆ ಹೈರೋಗ್ಲಿಫಿಕ್.

ನನಗೆ ಇದರಲ್ಲಿ ತುಂಬಾ ಹಿಡಿಸುವ ವಿಷಯ ಒಂದಿದೆ. ಹೊರಗಿನವರು ಗೋಡೆ ನೋಡಿ ಕೆತ್ತನೆ ಅಂದರು. ಒಳಗಿನವರು ಮಾತು ಅಂದರು. ಬರೆಯುವವರಿಗೆ ಅದು ಮೊದಲಿಂದಲೂ ಬಾಯಲ್ಲಿ ಆಡುವ ಮಾತೇ ಆಗಿತ್ತು.

ಪದಬಂಧ ರಾಯ

ಶಾಸನಪ್ರಿಯರೇ, ‘ಮಾತು’ ಅಂತ ಇಷ್ಟು ಸಲೀಸಾಗಿ ಹೇಳಿಬಿಟ್ಟರೆ ಹೇಗೆ? ಅದು ಚಿತ್ರಲಿಪಿ. ಒಂದೊಂದು ಚಿತ್ರಕ್ಕೂ ಒಂದೊಂದು ಗೂಢಾರ್ಥ ಇರುತ್ತದೆ. ಆ ಕೊಕ್ಕೆ ಇರುವ ಶಿಲುಬೆಯಂಥದ್ದು ಜೀವ. ಗೂಬೆ ಇದ್ದರೆ ಸಾವು. ದೇವರ ಹೆಸರು ಸುಮ್ನೆ ಇಟ್ಟಿರುತ್ತಾರಾ?

ಶಾಸನಪ್ರಿಯ

ರಾಯರೇ, ಸುಮ್ನೆ ಅವರ ಮೇಲೆ ಗೂಬೆ ಕೂರಿಸಬೇಡಿ 🙂 ಅಲ್ಲಿ ಗೂಬೆ ಅಂದರೆ ‘ಮ್’. ಅಷ್ಟೇ. ನಾವು ‘ಮ್’ ಬರೆಯುವ ಕಡೆಯೆಲ್ಲ ಅವರು ಗೂಬೆ ಕೂರಿಸುತ್ತಿದ್ದರು. ಮದುವೆ ಸುದ್ದಿಯಲ್ಲೂ ಗೂಬೆ, ಗೋಧಿ ಲೆಕ್ಕದಲ್ಲೂ ಗೂಬೆ. ಆ ಶಿಲುಬೆಯಂಥ ಸಂಕೇತ, ಅಂದರೆ ಅಂಕ್, ಅದರ ವಿಷಯ ನೀವು ಹೇಳಿದ್ದು ಸರಿ, ಅದು ಜೀವ. ಆದರೆ ಅದೇ ಸಂಕೇತ ಆ ಮೂರು ವ್ಯಂಜನ ಬರುವ ಬೇರೆ ಪದಗಳಲ್ಲೂ ಬರುತ್ತದೆ. ಅಲ್ಲಿ ಜೀವಕ್ಕೂ ಅದಕ್ಕೂ ಸಂಬಂಧ ಇರಬೇಕಿಲ್ಲ.

ಒಂದು ಪದ ಬಿಡಿಸಿ ತೋರಿಸುತ್ತೇನೆ. ಬೆಕ್ಕು. ಮೊದಲು ಬಲೆಯಲ್ಲಿ ತೂಗುಹಾಕಿದ ಹಾಲಿನ ಗಡಿಗೆ. ಅದನ್ನು ‘ಮಿ’ ಅಂತ ಓದಬೇಕು. ಆಮೇಲೆ ಒಂದು ಜೊಂಡುಹುಲ್ಲಿನ ಎಲೆ, ‘ಇ’ (ಅವರ ಲೆಕ್ಕದಲ್ಲಿ ಇದು ‘ಯ್’ನಂಥ ವ್ಯಂಜನ, ನಾವು ‘ಇ’ ಅಂತ ಓದುತ್ತೇವೆ). ಹಿಂದಿನ ಗಡಿಗೆಯಲ್ಲೇ ‘ಇ’ ಇದೆ, ಆದರೂ ಓದುವವನಿಗೆ ಅನುಮಾನ ಬೇಡ ಅಂತ ಇನ್ನೊಮ್ಮೆ ಬರೆಯುತ್ತಾರೆ. ಆಮೇಲೆ ಲಾವಕ್ಕಿಯ ಮರಿ, ‘ವ್’ ಅಥವಾ ‘ಉ’. ಕೊನೆಗೆ ಬಾಲ ಸುತ್ತಿಕೊಂಡು ಕೂತ ಬೆಕ್ಕು. ಈ ಬೆಕ್ಕಿನ ಚಿತ್ರಕ್ಕೆ ಉಚ್ಚಾರಣೆ ಇಲ್ಲ. ‘ಇಷ್ಟು ಹೊತ್ತು ಹೇಳಿದ್ದು ಈ ಪ್ರಾಣಿಯ ಬಗ್ಗೆ’ ಅಂತ ತೋರಿಸಿ ಸುಮ್ಮನಾಗುತ್ತದೆ. ಎಲ್ಲ ಸೇರಿಸಿ ಓದಿದರೆ ‘ಮಿಉ’. ಬೆಕ್ಕಿಗೆ ಅವರ ಭಾಷೆಯಲ್ಲಿ ಅದೇ ಹೆಸರು.

ಮಳೆಹುಡುಗಿ

ಅಯ್ಯೋ ಮಿಉ! ನಮ್ಮನೆ ಬೆಕ್ಕಿಗೆ ಹೆಸರು ಸಿಕ್ಕಿತು.

ಆ ಕೊನೆಯ ಮೂಕ ಚಿತ್ರ ಯಾಕೆ ಬೇಕು? ಮಿ, ಇ, ಉ ಬರೆದರೆ ಸಾಕಲ್ವಾ?

ಶಾಸನಪ್ರಿಯ

ಸ್ವರ ಬರೆಯದ ಕಾರಣಕ್ಕೆ ಬೇಕು. ಕನ್ನಡದಲ್ಲಿ ಸ್ವರ ತೆಗೆದು ‘ಕ್‌ಲ್’ ಅಂತ ಬರೆದರೆ ಕಲ್ಲೋ, ಕಾಲೋ, ಕೋಲೋ, ಕೀಲೋ ಹೇಗೆ ಗೊತ್ತಾಗುತ್ತದೆ? ಪಕ್ಕದಲ್ಲಿ ಒಂದು ಪಾದ ಬರೆದರೆ ಕಾಲು ಅಂತ ಗೊತ್ತಾಗುತ್ತದೆ.

ಅವರದೇ ಉದಾಹರಣೆ ‘ಪ್‌ರ್’. ಮನೆಯ ನಕ್ಷೆಯಂಥ ಒಂದು ಚೌಕ, ಕೆಳಗೆ ಸಣ್ಣ ಗೆರೆ ಇದ್ದರೆ ಅದು ಮನೆ. ಅದೇ ಚೌಕದ ಜೊತೆ ‘ರ್’ ಧ್ವನಿಗೆ ಬಾಯಿಯ ಚಿತ್ರ, ಮುಂದೆ ನಡೆಯುತ್ತಿರುವ ಎರಡು ಕಾಲು ಇದ್ದರೆ ‘ಹೊರಗೆ ಹೋಗು’. ಪೇರ್ ಜೊತೆ ‘ದೊಡ್ಡ’ ಎಂಬ ಪದ ಸೇರಿ ‘ಪೇರ್-ಆ’, ದೊಡ್ಡಮನೆ, ಅಂದರೆ ಅರಮನೆ. ಮುಂದೆ ಅರಮನೆಯಲ್ಲಿ ಕೂತ ರಾಜನಿಗೇ ಆ ಹೆಸರು ಅಂಟಿಕೊಂಡಿತು. ನಾವು ಫೇರೋ ಅನ್ನುವುದು ಅದನ್ನೇ.

ಥೇಮ್ಸ್ ದಂಡೆ

ಲಂಡನ್‌ನಿಂದ ಒಂದು ಮಾತು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರೊಸೆಟ್ಟಾ ಕಲ್ಲು ನೋಡಿದವರು ಇಲ್ಲಿ ಸುಮಾರು ಜನ ಇರಬಹುದು. 1799ರಲ್ಲಿ ನೆಪೋಲಿಯನ್ ಸೈನಿಕರಿಗೆ ರಶೀದ್ ಊರಿನ ಹತ್ತಿರ ಕೋಟೆ ದುರಸ್ತಿ ಮಾಡುವಾಗ ಸಿಕ್ಕಿದ್ದು. ಕ್ರಿಸ್ತಪೂರ್ವ 196ರ ಆಜ್ಞೆ, ರಾಜ ಐದನೇ ಟಾಲೆಮಿ. ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತದೆ.

ಆದರೆ ಮೂಲ ಪ್ರಶ್ನೆಗೆ ಉತ್ತರ ಆ ಕಲ್ಲಿನ ಮೇಲೆಯೇ ಇದೆ ಅನ್ನುವುದನ್ನು ಹೇಳುವವರು ಕಮ್ಮಿ. ಆಜ್ಞೆಯ ಕೊನೆಯಲ್ಲಿ ‘ಇದನ್ನು ಗಟ್ಟಿ ಕಲ್ಲಿನ ಮೇಲೆ ಈ ಮೂರು ಬರಹಗಳಲ್ಲಿ ಕೆತ್ತಿಸಬೇಕು’ ಅಂತ ಒಂದು ಸಾಲಿದೆ. ಗ್ರೀಕ್ ಭಾಗದಲ್ಲಿ ಆ ಮೂರರ ಹೆಸರು ಹೀಗಿದೆ: ಪವಿತ್ರ ಅಕ್ಷರ, ಸ್ಥಳೀಯ ಅಕ್ಷರ, ಗ್ರೀಕ್ ಅಕ್ಷರ. ಈಜಿಪ್ಟಿನ ಭಾಗದಲ್ಲಿ ಅದೇ ಮೂರು ಹೀಗಾಗುತ್ತವೆ: ದೇವರ ಮಾತಿನ ಬರಹ, ಕಾಗದಪತ್ರದ ಬರಹ, ಮತ್ತು ಗ್ರೀಕರ ಬರಹ. ಒಂದೇ ಕಲ್ಲು, ಒಂದೇ ದಿನದ ಆಜ್ಞೆ, ಅದರಲ್ಲಿ ಒಳಗಿನವರ ಹೆಸರು ಮತ್ತು ಹೊರಗಿನವರ ಹೆಸರು ಒಟ್ಟಿಗೆ. ಮಗಳ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಇನ್ನೊಂದು ಖುಷಿ ವಿಷಯ. ನಡುವಿನ ಡೆಮೋಟಿಕ್ ಭಾಗದಲ್ಲಿ, ಅಂದರೆ ಆ ಕಾಗದಪತ್ರದ ಬರಹದಲ್ಲಿ, ಗ್ರೀಕರಿಗೆ ಬಳಸಿರುವ ಪದ ‘ವೈನ್ನ್’. ಅಯೋನಿಯಾ ಎಂಬ ಗ್ರೀಕ್ ನಾಡಿನ ಹೆಸರಿನಿಂದ ಬಂದದ್ದು. ನಮ್ಮ ‘ಯವನ’ ಕೂಡ ಅದೇ ಬೇರಿನದು.

ಪದಬಂಧ ರಾಯ

ಯವನ ವಿಷಯ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಅದು ಬರೀ ಧ್ವನಿ ಬರೆಯುವ ಲಿಪಿ ಆಗಿದ್ದರೆ ಸಾವಿರಕ್ಕೂ ಹೆಚ್ಚು ವರ್ಷ ಯಾರಿಗೂ ಓದೋಕೆ ಯಾಕೆ ಬರಲಿಲ್ಲ? ದೊಡ್ಡ ದೊಡ್ಡ ಪಂಡಿತರೇ ಸೋತಿದ್ದಾರೆ.

ಶಾಸನಪ್ರಿಯ

ಅವರು ಸೋತದ್ದು ನಿಮ್ಮ ಹಾಗೆ ಯೋಚಿಸಿದ್ದರಿಂದಲೇ ರಾಯರೇ. ಬೇಜಾರು ಮಾಡಿಕೊಳ್ಳಬೇಡಿ, ಕಥೆ ಕೇಳಿ.

ಹೈರೋಗ್ಲಿಫ್‌ನಲ್ಲಿ ಬರೆದ, ದಿನಾಂಕ ಇರುವ ಕೊನೆಯ ಶಾಸನ ಕ್ರಿಸ್ತಶಕ 394ರ ಆಗಸ್ಟ್ 24ರದು. ಫಿಲೆ ದ್ವೀಪದ ಗುಡಿಯಲ್ಲಿ ಒಬ್ಬ ಪುರೋಹಿತ ಗೀಚಿದ್ದು. ಅಲ್ಲಿಂದ ಮುಂದೆ ಓದುವವರೇ ಇಲ್ಲ. ಭಾಷೆ ಮಾತ್ರ ಉಳಿಯಿತು. ಜನ ಅದನ್ನು ಗ್ರೀಕ್ ಅಕ್ಷರಗಳಲ್ಲಿ, ಡೆಮೋಟಿಕ್‌ನಿಂದ ಕೆಲವು ಅಕ್ಷರ ಸೇರಿಸಿಕೊಂಡು, ಕಾಪ್ಟಿಕ್ ಅಂತ ಬರೆಯತೊಡಗಿದರು.

ಆ ಹೊತ್ತಿಗೆ ಹೊರಗಿನವರ ಕೈಯಲ್ಲಿ ಉಳಿದದ್ದು ‘ಪವಿತ್ರ ಕೆತ್ತನೆ’ ಅನ್ನುವ ಹೆಸರು ಮಾತ್ರ. ಪವಿತ್ರ ಅಂದಮೇಲೆ ರಹಸ್ಯ ಇರಲೇಬೇಕು ಅಂತ ಎಲ್ಲರೂ ನಂಬಿದರು. 5ನೇ ಶತಮಾನದ್ದು ಅನ್ನಲಾದ ಹೊರಪೋಲೋ ಎಂಬುವನ ಪುಸ್ತಕ ಒಂದಿದೆ. ಅದರಲ್ಲಿ ಮಜಾ ಏನು ಗೊತ್ತಾ? ಕೆಲವು ಅರ್ಥಗಳು ಸರಿಯಾಗಿಯೇ ಇವೆ, ಕಾರಣಗಳು ಮಾತ್ರ ಪೂರ್ತಿ ತಪ್ಪು. ಮೊಲದ ಚಿತ್ರ ಅಂದರೆ ‘ತೆರೆ’ ಅನ್ನುತ್ತಾನೆ. ಸರಿ. ಯಾಕೆ ಅಂದರೆ ಮೊಲ ಯಾವಾಗಲೂ ಕಣ್ಣು ತೆರೆದೇ ಇರುತ್ತದೆ ಅನ್ನುತ್ತಾನೆ! ಅಸಲಿಗೆ ಮೊಲದ ಸಂಕೇತದ ಧ್ವನಿ ‘ವ್‌ನ್’, ತೆರೆ ಎನ್ನುವ ಕ್ರಿಯಾಪದವೂ ‘ವ್‌ನ್’. ಬಾತುಕೋಳಿ ಅಂದರೆ ‘ಮಗ’ ಅನ್ನುತ್ತಾನೆ. ಅದೂ ಸರಿ. ಕಾರಣ, ಆ ಹಕ್ಕಿಗೆ ಮಕ್ಕಳ ಮೇಲೆ ಪ್ರೀತಿ ಜಾಸ್ತಿಯಂತೆ. ನಿಜ ಏನೆಂದರೆ ಬಾತಿನ ಸಂಕೇತಕ್ಕೂ ಮಗ ಅನ್ನುವ ಪದಕ್ಕೂ ಧ್ವನಿ ಒಂದೇ, ‘ಸಾ’. ಗುಡಿಗಳ ಗೋಡೆಯಲ್ಲಿ ರಾಜನ ಹೆಸರಿನ ಮುಂದೆ ಒಂದು ಬಾತು, ಒಂದು ಸೂರ್ಯನ ಬಿಲ್ಲೆ ಕಂಡರೆ ಅದು ‘ಸಾ ರಾ’, ಸೂರ್ಯನ ಮಗ. ಸೂರ್ಯವಂಶದ ಬಿರುದು ಇದ್ದ ಹಾಗೆ.

17ನೇ ಶತಮಾನದ ಜರ್ಮನ್ ವಿದ್ವಾಂಸ ಅಥನೇಸಿಯಸ್ ಕಿರ್ಚರ್ ಇನ್ನೂ ಮುಂದೆ ಹೋದ. ಏಪ್ರಿಯಸ್ ಎಂಬ ರಾಜನ ಬರೀ ಹೆಸರಿದ್ದ ಕಡೆ ಓಸಿರಿಸ್ ದೇವರ ಕೃಪೆ, ಪೂಜಾವಿಧಿ, ನೈಲ್ ನದಿಯ ಫಲ ಎಲ್ಲ ಸೇರಿಸಿ ಉದ್ದದ ವಾಕ್ಯವನ್ನೇ ‘ಓದಿದ’. ಪಾಪ, ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಯುರೋಪಿನಲ್ಲಿ ಕಾಪ್ಟಿಕ್ ಕಲಿಕೆಗೆ ದಾರಿ ಮಾಡಿದವನೂ ಅವನೇ. ಕೊನೆಗೆ ಬೀಗ ತೆಗೆದದ್ದು ಆ ಕಾಪ್ಟಿಕ್ಕೇ.

ನಿರ್ವಾಹಕ

ಅನ್ಯಗ್ರಹದವರು ಪಿರಮಿಡ್ ಕಟ್ಟಿದ ಬಗ್ಗೆ ಬಂದ ಮೂರು ಕಾಮೆಂಟ್ ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ಇದೆ. ಲಿಪಿಯ ಬಗ್ಗೆ ಮಾತ್ರ ಮುಂದುವರಿಸಿ.

ಮೈಸೂರು ಮೇಷ್ಟ್ರು

ಶಾಸನಪ್ರಿಯರ ಕಥೆಯ ಮುಂದಿನ ಭಾಗ ನಾನು ಹೇಳುತ್ತೇನೆ.

ಈ ಲಿಪಿಯನ್ನು ಕೊನೆಗೂ ಓದಿದ ಫ್ರಾನ್ಸಿನ ಶಾಂಪೋಲಿಯನ್ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಅವನು ಕೂತು ಎಣಿಸಿದ. ರೊಸೆಟ್ಟಾ ಕಲ್ಲಿನ ಗ್ರೀಕ್ ಭಾಗದಲ್ಲಿ 486 ಪದ. ಹೈರೋಗ್ಲಿಫ್ ಭಾಗದ ಮೇಲ್ಭಾಗ ಒಡೆದು ಹೋಗಿ, ಉಳಿದದ್ದು 14 ಸಾಲು. ಆದರೂ ಅಷ್ಟರಲ್ಲೇ 1419 ಸಂಕೇತ. ಒಂದು ಚಿತ್ರಕ್ಕೆ ಒಂದು ಪದ ಅಂತಾದರೆ ಈ ಲೆಕ್ಕ ಕೂಡುವುದೇ ಇಲ್ಲ. ರಾಯರ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ಆಮೇಲೆ ರಾಜರ ಹೆಸರು. ಉದ್ದುದ್ದ ಉಂಗುರದೊಳಗೆ ಬರೆದಿರುತ್ತಾರಲ್ಲ, ಅದರಲ್ಲಿ ಟಾಲೆಮಿಯ ಹೆಸರು ಬಿಡಿಸಿದರು: ಚೌಕ ಪೀಠ ‘ಪ್’, ರೊಟ್ಟಿ ‘ತ್’, ಹಗ್ಗದ ಕುಣಿಕೆ ‘ಒ’, ಮಲಗಿದ ಸಿಂಹ ‘ಲ್’, ಹೀಗೆ ‘ಪ್ತೊಲ್ಮೀಸ್’. ಹೊರಗಿನವರ ಹೆಸರು ಬರೆಯುವಾಗ ಮಾತ್ರ ಕೆಲವು ವ್ಯಂಜನ ಸಂಕೇತಗಳನ್ನು ಸ್ವರಕ್ಕೂ ಬಳಸುತ್ತಿದ್ದರು. ಇದರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಪಾಲೂ ಇದೆ, ಮರೆಯಬಾರದು. ಫಿಲೆಯಿಂದ ತಂದ ಒಂದು ಕಂಬದ ಮೇಲೆ ಕ್ಲಿಯೋಪಾತ್ರಾ ಹೆಸರು ಸಿಕ್ಕಿತು. ಪ್, ಒ, ಲ್ ಎರಡರಲ್ಲೂ ಒಂದೇ. ‘ತ್’ ಮಾತ್ರ ಕೈ ಕೊಟ್ಟಿತು. ಟಾಲೆಮಿಯಲ್ಲಿ ರೊಟ್ಟಿ, ಕ್ಲಿಯೋಪಾತ್ರಾದಲ್ಲಿ ನಿಜವಾಗಿಯೂ ಒಂದು ಕೈ! ಒಂದೇ ಧ್ವನಿಗೆ ಎರಡು ಸಂಕೇತ ಇರಬಹುದು ಅಂತ ಶಾಂಪೋಲಿಯನ್ ಒಪ್ಪಿಕೊಂಡು ಮುಂದೆ ಹೋದ.

ಆದರೆ ಇವು ಗ್ರೀಕ್ ಹೆಸರುಗಳು. ಹೊರಗಿನವರ ಹೆಸರನ್ನು ಮಾತ್ರ ಧ್ವನಿಯಲ್ಲಿ ಬರೆಯುತ್ತಿದ್ದರೇನೋ ಅನ್ನುವ ಅನುಮಾನ ಉಳಿದೇ ಇತ್ತು. ಅದನ್ನು ಮುರಿದದ್ದು ಇನ್ನೊಂದು ಉಂಗುರ. ಮೊದಲು ಸೂರ್ಯನ ಬಿಲ್ಲೆ, ಕೊನೆಯಲ್ಲಿ ಎರಡು ‘ಸ್’, ನಡುವೆ ಒಂದು ಸಂಕೇತ. ಕಾಪ್ಟಿಕ್‌ನಲ್ಲಿ ಸೂರ್ಯನಿಗೆ ‘ರೆ’. ನಡುವಿನದು ‘ಮ್‌ಸ್’, ಕಾಪ್ಟಿಕ್‌ನಲ್ಲಿ ಹೆರು ಅನ್ನುವುದಕ್ಕೆ ‘ಮಿಸೆ’. ರಾ-ಮ್‌ಸ್-ಸ್. ರಾಮ್ಸೆಸ್! ಈಜಿಪ್ಟಿನ ಗ್ರೀಕ್ ಆಳ್ವಿಕೆಗಿಂತ ಸುಮಾರು ಸಾವಿರ ವರ್ಷ ಹಿಂದಿನ ರಾಜ. 1822ರ ಸೆಪ್ಟೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಅವನು ತನ್ನ ಶೋಧವನ್ನು ಮಂಡಿಸಿದ. ರಾಮ್ಸೆಸ್ ವಿಷಯವನ್ನು ಪೂರ್ತಿಯಾಗಿ ಬಿಡಿಸಿ ಹೇಳಿದ್ದು 1824ರ ಪುಸ್ತಕದಲ್ಲಿ.

ಮಳೆಹುಡುಗಿ

ಆ ಉಂಗುರಕ್ಕೆ ಕಾರ್ಟೂಷ್ ಅನ್ನುತ್ತಾರಲ್ವಾ? ಅದು ಯಾವ ಭಾಷೆ?

ಮೈಸೂರು ಮೇಷ್ಟ್ರು

ಫ್ರೆಂಚ್. ಬಂದೂಕಿನ ತೋಟಾ ಅಂತ ಅರ್ಥ. ನೆಪೋಲಿಯನ್ ಸೈನಿಕರಿಗೆ ಗುಡಿಯ ಗೋಡೆ ಮೇಲಿನ ಆ ಆಕಾರ ತಮ್ಮ ಚೀಲದಲ್ಲಿದ್ದ ತೋಟಾದ ಹಾಗೆ ಕಂಡಿತಂತೆ. ನಾವು ‘ಕಾಡತೂಸು’ ಅನ್ನುವುದೂ ಅದೇ ಮನೆತನದ ಪದ, ಯುರೋಪಿನವರ ಬಂದೂಕಿನ ಜೊತೆ ಬಂದದ್ದು. ಈಜಿಪ್ಟಿನವರು ಅದನ್ನು ‘ಶೆನು’ ಅನ್ನುತ್ತಿದ್ದರು, ಸುತ್ತುವರಿಯುವುದು ಅನ್ನುವ ಕ್ರಿಯಾಪದದಿಂದ.

ಕರಾವಳಿ ಮಾಣಿ

ಈಜಿಪ್ಟಿನ ಶಾಸನದಲ್ಲಿ ಕನ್ನಡ ಸಿಕ್ಕಿದೆ ಅಂತ ಎಲ್ಲೋ ಓದಿದ ನೆನಪು. ಮಲ್ಪೆಯ ಹೆಸರೂ ಇದೆಯಂತೆ. ಅದೂ ಹೈರೋಗ್ಲಿಫ್‌ನಲ್ಲೇ ಇದೆಯಾ?

ಶಾಸನಪ್ರಿಯ

ಇಲ್ಲ ಮಾರಾಯ್ರೇ. ನೀವು ಹೇಳುತ್ತಿರುವುದು ಆಕ್ಸಿರಿಂಕಸ್ ಎಂಬಲ್ಲಿನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್, ಅಂದರೆ ಜೊಂಡಿನ ಕಾಗದ. ಗ್ರೀಕ್ ಪ್ರಹಸನ, ಅಕ್ಷರವೂ ಗ್ರೀಕ್. ಭಾರತದ ತೀರದಲ್ಲಿ ಸಿಕ್ಕಿಹಾಕಿಕೊಂಡ ಖಾರಿಷನ್ ಎಂಬ ಗ್ರೀಕ್ ಹೆಣ್ಣಿನ ಕಥೆ. ಅದರಲ್ಲಿ ಇಲ್ಲಿನ ಜನ ಆಡುವ ಕೆಲವು ಮಾತುಗಳಿವೆ. ಅದು ಕನ್ನಡ ಅಂತ 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ಶಾಸನತಜ್ಞ ವಾದಿಸಿದ. ನಮ್ಮವರೂ ಅದನ್ನು ಮುಂದುವರಿಸಿದರು. ಒಪ್ಪದವರೂ ಇದ್ದಾರೆ, ಬರೀ ತಮಾಷೆಗೆ ಬರೆದ ಅರ್ಥವಿಲ್ಲದ ಶಬ್ದ ಅನ್ನುತ್ತಾರೆ. ಹೈರೋಗ್ಲಿಫ್‌ಗೂ ಅದಕ್ಕೂ ಸಂಬಂಧ ಇಲ್ಲ. ಪ್ರಾಜೆಕ್ಟ್‌ನಲ್ಲಿ ಸೇರಿಸಬೇಡಿ, ಟೀಚರ್ ಕೇಳಿದರೆ ಕಷ್ಟ.

ಥೇಮ್ಸ್ ದಂಡೆ

‘ದೇವರ ಮಾತು’ ಅಂದ ತಕ್ಷಣ ಅವರು ಬರೆದದ್ದೆಲ್ಲ ಮಂತ್ರ ಅಂತಲ್ಲ ಮತ್ತೆ. ಕಲ್ಲಿಗೆ ಕೆತ್ತಿದ್ದು ಒಂದು, ಶಾಯಿಯಲ್ಲಿ ಸರಸರ ಬರೆದದ್ದು ಇನ್ನೊಂದು. ಆ ಮೋಡಿ ಬರಹಕ್ಕೆ ಹೈರಾಟಿಕ್ ಅಂತ ಹೆಸರು, ‘ಪುರೋಹಿತರದು’ ಅಂತ ಅರ್ಥ. ಅದೂ ಗ್ರೀಕರೇ ಇಟ್ಟದ್ದು, ಅದೂ ದಾರಿ ತಪ್ಪಿಸುವ ಹೆಸರೇ. ಅಂಗಡಿ ಲೆಕ್ಕದಿಂದ ಕಾಗದದವರೆಗೆ ಎಲ್ಲಕ್ಕೂ ಬಳಸುತ್ತಿದ್ದರು.

ಇಲ್ಲಿನ ಮ್ಯೂಸಿಯಂನಲ್ಲಿ ಒಂದು ಸುಣ್ಣಕಲ್ಲಿನ ಚಕ್ಕೆ ಇದೆ. ಎರಡನೇ ರಾಮ್ಸೆಸ್‌ನ 40ನೇ ವರ್ಷದ್ದು. ರಾಜರ ಗೋರಿ ಕೆಲಸಗಾರರ ಹಾಜರಿ ಪುಸ್ತಕ ಅನ್ನಿ. ಯಾರ್ಯಾರು ಯಾವ ದಿನ ಬರಲಿಲ್ಲ, ಯಾಕೆ ಅಂತ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದೆ. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬನಿಗೆ ಕಣ್ಣು ಬೇನೆ. ಇನ್ನೊಬ್ಬ ಬಿಯರ್ ಕಾಯಿಸುತ್ತಿದ್ದ. ರಜಾ ಅರ್ಜಿ ಓದುವ ಎಚ್‌ಆರ್‌ನವರು ನೋಡಬೇಕಾದ ಚಕ್ಕೆ!

ಪದಬಂಧ ರಾಯ

ಬಿಯರ್ ಕಾಯಿಸಲು ರಜೆ ಕೊಟ್ಟಿದ್ದರೆ ಅದು ದೇವರ ಮಾತೇ ಸ್ವಾಮಿ.

ಸರಿ, ಧ್ವನಿ ಇದೆ ಅನ್ನುವುದನ್ನು ಒಪ್ಪಿದೆ. ಹಾಗಾದರೆ ಕನ್ನಡದಲ್ಲಿ ‘ಚಿತ್ರಲಿಪಿ’ ಅನ್ನುವುದೇ ತಪ್ಪಾ?

ಮೈಸೂರು ಮೇಷ್ಟ್ರು

ತಪ್ಪು ಅಂತ ನಾನು ಅನ್ನುವುದಿಲ್ಲ. ನೋಡಲು ಚಿತ್ರವೇ ತಾನೆ. ಆದರೆ ಮಕ್ಕಳಿಗೆ ಪಾಠ ಮಾಡುವಾಗ ಆ ಪದ ತೊಂದರೆ ಕೊಡುತ್ತದೆ. ಚಿತ್ರ ನೋಡಿ ಕಥೆ ಹೇಳುವುದು ಅಂದುಕೊಳ್ಳುತ್ತಾರೆ. ನಾನು ತರಗತಿಯಲ್ಲಿ ‘ಹೈರೋಗ್ಲಿಫ್’ ಅಂತಲೇ ಹೇಳಿ, ಪಕ್ಕದಲ್ಲಿ ‘ದೇವರ ಮಾತು’ ಅಂತ ಬರೆಯುತ್ತೇನೆ.

ಶಾಸನಪ್ರಿಯ

ನಾನು ಚಿತ್ರಲಿಪಿ ಪರ. ಅವರು ಚಿತ್ರವನ್ನು ಚಿತ್ರವಾಗಿಯೇ ಉಳಿಸಿಕೊಂಡರು, ಅದೇ ಅದರ ಗತ್ತು. ಮೂರು ಸಾವಿರ ವರ್ಷ ಕಳೆದರೂ ಕಲ್ಲಿನ ಮೇಲೆ ಗೂಬೆ ಗೂಬೆಯಾಗಿಯೇ ಇತ್ತು, ಸಿಂಹ ಸಿಂಹವಾಗಿಯೇ ಇತ್ತು. ‘ಲಿಪಿ’ ಅನ್ನುವ ಪದವೇ ಪರ್ಷಿಯಾದ ‘ದಿಪಿ’ಯಿಂದ ಬಂದದ್ದು ಅನ್ನುತ್ತಾರೆ, ಅಶೋಕನ ವಾಯವ್ಯದ ಶಾಸನಗಳಲ್ಲಿ ‘ದಿಪಿ’ ಅಂತಲೇ ಇದೆ. ಪದಗಳು ಹೀಗೆಲ್ಲ ಊರೂರು ಸುತ್ತುತ್ತವೆ. ಚಿತ್ರಲಿಪಿ ಇರಲಿ ಬಿಡಿ.

ಗಣಕಗುಬ್ಬಿ

ಟೈಪ್ ಮಾಡುವ ಬಗ್ಗೆ ಯಾರೂ ಹೇಳಲಿಲ್ಲ. 2009ರಲ್ಲಿ, ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ಗೆ 1071 ಹೈರೋಗ್ಲಿಫ್ ಸೇರಿದವು. 2024ರಲ್ಲಿ ಇನ್ನೂ 3995. ಒಂದರ ಮೇಲೊಂದು ಜೋಡಿಸುವುದಕ್ಕೆ ಬೇಕಾದ ಸಂಕೇತಗಳು 2019ರಲ್ಲಿ ಬಂದವು, ಆದರೆ ಎಲ್ಲ ಫಾಂಟ್‌ಗಳೂ ಅದನ್ನು ಪಾಲಿಸುವುದಿಲ್ಲ. ನಮ್ಮ ಒತ್ತಕ್ಷರ ಒಂದು ಕಾಲದಲ್ಲಿ ಪಟ್ಟ ಪಾಡೇ ಇದು. ಗೂಗಲ್‌ನ ನೋಟೊ ಫಾಂಟ್ ಹಾಕಿಕೊಂಡರೆ ಬಿಡಿ ಸಂಕೇತಗಳು ಕಾಣುತ್ತವೆ. 𓅓 ನಿಮ್ಮ ಫೋನಿನಲ್ಲಿ ಗೂಬೆ ಕಂಡಿತಾ ಹೇಳಿ.

ಮಳೆಹುಡುಗಿ

ಕಂಡಿತು! ನಮ್ಮನ್ನೇ ನೋಡುತ್ತಿದೆ.

ತುಂಗಾತೀರ

ಒಂದು ಪುಟ ಕೇಳಿದರೆ ಒಂದು ಪುಸ್ತಕವನ್ನೇ ಕೊಟ್ಟಿರಿ, ಎಲ್ಲರಿಗೂ ಧನ್ಯವಾದ. ರೊಸೆಟ್ಟಾ ಕಲ್ಲಿನ ಕೊನೆಯ ಸಾಲನ್ನೇ ಮಗಳು ತಲೆಬರಹದ ಕೆಳಗೆ ಹಾಕಿಕೊಂಡಿದ್ದಾಳೆ. ಈಗ ಅವಳಿಗೆ ರಟ್ಟಿನ ಮೇಲೆ ‘ಕಮಲಾ’ ಅಂತ ಬರೆಯಬೇಕಂತೆ, ಉಂಗುರದೊಳಗೆ. ಹೇಗೆ ಬರೆಯೋದು?

ಶಾಸನಪ್ರಿಯ

ಸುಲಭ. ಹಿಡಿ ಇರುವ ಬುಟ್ಟಿ ‘ಕ್’. ಗೂಬೆ ‘ಮ್’. ಮಲಗಿದ ಸಿಂಹ ‘ಲ್’. ಕೊನೆಯ ‘ಆ’ ಧ್ವನಿಗೆ ರಣಹದ್ದು. ಕ್ಲಿಯೋಪಾತ್ರಾ ಹೆಸರಿನ ಕೊನೆಯಲ್ಲೂ ಆ ಹದ್ದು ಇದೆ. ಹೆಣ್ಣುಮಕ್ಕಳ ಹೆಸರು ಅಂತ ತೋರಿಸಲು ಅವಳ ಉಂಗುರದಲ್ಲಿ ಇರುವ ಹಾಗೆ ಕೊನೆಗೆ ಒಂದು ಸಣ್ಣ ರೊಟ್ಟಿ, ಒಂದು ಮೊಟ್ಟೆ ಸೇರಿಸಿ. ಅವನ್ನು ಓದಬಾರದು.

ದಿಕ್ಕು ನೋಡಿಕೊಳ್ಳಿ. ಪ್ರಾಣಿಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಓದಬೇಕು. ಅವರು ಜಾಸ್ತಿ ಬರೆಯುತ್ತಿದ್ದದ್ದು ಬಲದಿಂದ ಎಡಕ್ಕೆ. ಹಾಗೆ ಬರೆದರೆ ಸಿಂಹವೂ ಹದ್ದೂ ಬಲಕ್ಕೆ ನೋಡುತ್ತಿರಬೇಕು. ಕನ್ನಡದ ಹಾಗೆ ಎಡದಿಂದ ಬರೆದರೂ ತಪ್ಪಿಲ್ಲ, ಆಗ ಎಲ್ಲವೂ ಎಡಕ್ಕೆ ತಿರುಗಲಿ. ಗೂಬೆಯ ಮೈ ಉಳಿದವುಗಳ ಜೊತೆ ತಿರುಗಬೇಕು, ಮುಖ ಮಾತ್ರ ಯಾವಾಗಲೂ ನೇರ ನಮ್ಮ ಕಡೆಗೆ. ಬರೆದಾದ ಮೇಲೆ ಫೋಟೋ ಹಾಕಿ.

ಪದಬಂಧ ರಾಯ

ಬುಟ್ಟಿಯ ಹಿಡಿ ಯಾವ ಕಡೆ ಬರಬೇಕು?

ಶಾಸನಪ್ರಿಯ

ಪ್ರಾಣಿಗಳ ಬಾಲದ ಕಡೆ, ರಾಯರೇ. ನೀವೂ ಬರೆಯುತ್ತಿದ್ದೀರಾ?

ಪದಬಂಧ ರಾಯ

ಮೊಮ್ಮಗನಿಗೆ.